ಎಲೆಕ್ಟ್ರಿಕ್ ಗಿಟಾರಿನಲ್ಲಿ ಭೀಮಪಲಾಸ: ಬ್ಯಾಂಡ್ ಜೊತೆ ವೇದಿಕೆ ಹತ್ತುವ ಮುನ್ನ

ಮೈನರ್ ಪೆಂಟಾಟಾನಿಕ್ ಬಾರದ ರಾಕ್ ಗಿಟಾರಿಸ್ಟ್ ಇಲ್ಲ. ಅದೇ ಐದು ಸ್ವರ, ಅಂದರೆ ಸಾ, ಕೋಮಲ ಗ, ಮ, ಪ, ಕೋಮಲ ನಿ, ಹಿಂದುಸ್ತಾನಿ ರಾಗ ಭೀಮಪಲಾಸದ ಆರೋಹ (ಏರುವ ಕ್ರಮ). ಬೆರಳಿಗೆ ಈ ರಾಗ ಮೊದಲೇ ಗೊತ್ತು. ತೊಂದರೆ ಇರುವುದೂ ಅಲ್ಲೇ. ಸ್ವಲ್ಪ ಮೈಮರೆತರೆ ಬ್ಲೂಸ್ ಆಗಿಬಿಡುತ್ತದೆ. ಹಿಂದುಸ್ತಾನಿ ಗಾಯಕ ಕುಮಾರ ಗಂಧರ್ವರು ಹುಟ್ಟಿದ ಸುಳೇಭಾವಿ ಬೆಳಗಾವಿಯ ಮಗ್ಗುಲಲ್ಲೇ ಇದೆ. ಈ ಕಡೆಯ ಸಭೆಯಲ್ಲಿ ತೊಡೆ ಮೇಲೆ ತಾಳ ಹಾಕುತ್ತ ಕೂತ ಹಿರಿಯರು ಒಂದಿಬ್ಬರಾದರೂ ಇರುತ್ತಾರೆ, ತಪ್ಪು ಅವರಿಗೆ ಕೂಡಲೇ ಸಿಗುತ್ತದೆ.

ರಾಗ ಕಾಣುವುದು ಇಳಿಯುವಾಗ: ಸಾ ನಿ ಧ ಪ ಮ ಗ ರೇ ಸಾ. ರೇ ಮತ್ತು ಧ ಎರಡೂ ಶುದ್ಧ, ಇಳಿಯುವಾಗ ಮಾತ್ರ. ಏರುವಾಗ ಅವನ್ನು ಮುಟ್ಟಬೇಡಿ. ವಾದಿ, ಅಂದರೆ ರಾಗದ ಮುಖ್ಯ ಸ್ವರ, ಮಧ್ಯಮ (ಮ), ಹಾಗಾಗಿ ನಿಲ್ಲುವುದಿದ್ದರೆ ಮ ಮೇಲೆ ನಿಲ್ಲಿ. ಮ ಮತ್ತು ಪ ನಡುವಿನ ಬ್ಲೂ ನೋಟ್ ಇಲ್ಲಿ ತೀವ್ರ ಮ ಆಗುತ್ತದೆ, ರಾಗಕ್ಕೆ ಹೊರಗಿನದು. ಹಳೇ ಚಟ ಬಿಡಲು ಒಂದು ವಾರ ಬರೀ ಅವರೋಹ (ಇಳಿಯುವ ಕ್ರಮ) ಬಾರಿಸುವುದೇ ಮದ್ದು.

ಸಾ ಅನ್ನು ಡಿ ಸ್ವರಕ್ಕೆ ಇಡಿ (ಗಾಯಕರ ಲೆಕ್ಕದಲ್ಲಿ ಪಾಂಢರಿ 2, ಅಂದರೆ ಹಾರ್ಮೋನಿಯಂನ ಎರಡನೇ ಬಿಳಿ ಮನೆ). 6ನೇ ತಂತಿಯನ್ನು ಇ ಇಂದ ಡಿಗೆ ಇಳಿಸಿದರೆ ಖರ್ಜದ (ಕೆಳಗಿನ ಸಪ್ತಕದ) ಸಾ ಸಿಗುತ್ತದೆ. ಇನ್ನು 5ನೇ ತಂತಿ ತೆರೆದರೆ ಪ, 4ನೇದು ಸಾ, 3ನೇದು ಮ. ತಂಬೂರಿ ಕೈಯಲ್ಲೇ ಇದ್ದಂತೆ. ಹಾಡುವವರು ಕಾಳಿ 1 (ಮೊದಲ ಕಪ್ಪು ಮನೆ) ಬೇಕೆಂದರೆ ಆರೂ ತಂತಿಗಳನ್ನು ಅರ್ಧ ಸ್ವರ ಇಳಿಸಿ, ಬೆರಳಿನ ಜಾಗ ಬದಲಿಸಬೇಡಿ.

ಬಾಕ್ಸ್ (ಒಂದೇ ಜಾಗದಲ್ಲಿ ಆರೂ ತಂತಿ ಮೇಲೆ ಬಾರಿಸುವ ಬೆರಳ ವಿನ್ಯಾಸ) ಬಿಟ್ಟು 3ನೇ ತಂತಿಯೊಂದರ ಮೇಲೇ ರಾಗ ಕಲಿಯಿರಿ. 7ನೇ ಫ್ರೆಟ್ ಸಾ, 9 ರೇ, 10 ಗ, 12 ಮ, 14 ಪ, 16 ಧ, 17 ನಿ, 19 ಮೇಲಿನ ಸಾ. ಒಂದೇ ತಂತಿ ಯಾಕೆ ಅಂದರೆ ಮೀಂಡ್‌ಗಾಗಿ, ಸ್ವರದಿಂದ ಸ್ವರಕ್ಕೆ ಕಡಿಯದೆ ಜಾರುವುದಕ್ಕಾಗಿ. ಮ ಇಂದ ಗ ಗೆ ಜಾರುವ ಮೀಂಡ್ ಹೀಗೆ: 10ನೇ ಫ್ರೆಟ್ ಒತ್ತಿ, ಮೀಟುವ ಮೊದಲೇ ತಂತಿಯನ್ನು ಎರಡು ಫ್ರೆಟ್‌ನಷ್ಟು ಎಳೆದಿಟ್ಟುಕೊಳ್ಳಿ, ಒಂದೇ ಸಲ ಮೀಟಿ, ಮ ಒಂದು ಮಾತ್ರೆ (ತಾಳದ ಒಂದು ಎಣಿಕೆ) ನಿಲ್ಲಲಿ, ಆಮೇಲೆ ನಿಧಾನ ಸಡಿಲಿಸಿ. ಎಳೆತ ಸರಿಯಿದೆಯೇ ಎಂದು 2ನೇ ತಂತಿಯ 8ನೇ ಫ್ರೆಟ್ ಮೀಟಿ ಹೋಲಿಸಿ, ಅದೂ ಅದೇ ಮ. ಸಾ ಇಂದ ನಿ ಗೆ ಬರಲು 17ನೇ ಫ್ರೆಟ್‌ನಲ್ಲಿ ಇದೇ ಕೆಲಸ. ನಡುವೆ ಇನ್ನೊಮ್ಮೆ ಪಿಕ್ ತಾಗಿದರೆ ಅದು ಮೀಂಡ್ ಅಲ್ಲ, ಎರಡು ಬಿಡಿ ಸ್ವರ. 9-42 ಎಂಬ ತೆಳು ತಂತಿಯ ಸೆಟ್‌ನಲ್ಲಿ ಕೈ ನೋಯುವುದು ಕಡಿಮೆ.

ಇಲ್ಲಿ ಎರಡು ಕಡೆ ಕೆಡುತ್ತದೆ. ತೇಲುವ ಬ್ರಿಡ್ಜ್ ಇರುವ ಗಿಟಾರಿನಲ್ಲಿ ಒಂದು ತಂತಿ ಎಳೆದರೆ ಉಳಿದವು ಸಡಿಲಾಗಿ ಇಳಿಯುತ್ತವೆ, ಕೆಳಗೆ ಮೊಳಗುತ್ತಿದ್ದ ಸಾ ಬೇಸುರವಾಗುತ್ತದೆ. ಬ್ರಿಡ್ಜ್ ಹಿಂದೆ ಮರದ ತುಂಡು ತುರುಕಿ ಅಲುಗದಂತೆ ಮಾಡಿ. ಇನ್ನೊಂದು ನಾಯ್ಸ್ ಗೇಟ್, ಅಂದರೆ ಸದ್ದು ತಗ್ಗಿದೊಡನೆ ಅದನ್ನು ಮುಚ್ಚಿಬಿಡುವ ಸಾಧನ. ಮೀಂಡಿನ ಜೀವ ಇರುವುದು ಸ್ವರದ ಬಾಲದಲ್ಲಿ. ಗೇಟ್ ಬಿಗಿಯಾಗಿದ್ದರೆ ಸರಿಯಾಗಿ ಗ ತಲುಪುವ ಹೊತ್ತಿಗೆ ಸದ್ದು ಕತ್ತರಿಸುತ್ತದೆ. ಆಲಾಪ (ತಾಳವಿಲ್ಲದ ನಿಧಾನದ ರಾಗ ವಿಸ್ತಾರ) ಮುಗಿಯುವವರೆಗೆ ಅದನ್ನು ಆಫ್ ಮಾಡಿ, ಗೇನ್ ತಗ್ಗಿಸಿ. ಜೆಫ್ ಬೆಕ್ 2010ರಲ್ಲಿ ಪುಚ್ಚೀನಿಯ ಒಪೆರಾ ಗೀತೆಯನ್ನು ಗಿಟಾರಿನಲ್ಲಿ ಬಾರಿಸಿದ್ದನ್ನು ಕೇಳಿ ನೋಡಿ: ಪಿಕ್ ಇಲ್ಲದೆ ಬೆರಳಲ್ಲೇ ಮೀಟುತ್ತಿದ್ದ ಆತನ ವಾಲ್ಯೂಮ್ ನಾಬ್ ಬಳಕೆ ಆಲಾಪಕ್ಕೂ ಒಗ್ಗುತ್ತದೆ.

ಕಾರ್ಡ್ ವಿಷಯದಲ್ಲಿ ಜಿಪುಣರಾಗಿ. ಡಿ5 ಅಂದರೆ ಸಾ-ಪ, ಜಿ5 ಅಂದರೆ ಮ-ಸಾ, ಸಿ5 ಅಂದರೆ ನಿ-ಮ. ಈ ಮೂರು ಸಾಕು. ಡಿಸ್ಟಾರ್ಷನ್ ಹಾಕಿ ಪೂರ್ತಿ ಡಿ ಮೈನರ್ ಬಾರಿಸಿದರೆ ಗಂಧಾರ ಗಲೀಜಾಗುತ್ತದೆ. ಬೇಸ್ ಗಿಟಾರಿನವರಿಗೂ ಮೊದಲೇ ಹೇಳಿ: ಎಫ್ ಮೇಲೆ ಹೆಚ್ಚು ಹೊತ್ತು ಕೂತರೆ ಕಿವಿ ಅದನ್ನೇ ಹೊಸ ಸಾ ಎಂದು ತಿಳಿಯುತ್ತದೆ, ಭೀಮಪಲಾಸ ಹೋಗಿ ಎಫ್ ಮೇಜರ್ ಹಾಡಾಗುತ್ತದೆ.

ಡ್ರಮ್ಸ್‌ನವರ ಜೊತೆಗಿನ ತಾಲೀಮಿಗೇ ಹೆಚ್ಚು ದಿನ ಬೇಕು. ತೀನ್‌ತಾಲದ 16 ಮಾತ್ರೆ ಅಂದರೆ ನಾಲ್ಕರ ಲೆಕ್ಕದ ನಾಲ್ಕು ಬಾರ್. ಲೆಕ್ಕ ಕೂಡಿತೆಂದು ಪ್ರತಿ ಬಾರಿನ 2 ಮತ್ತು 4ಕ್ಕೆ ಸ್ನೇರ್ ಹೊಡೆದರೆ ನಾಲ್ಕೂ ಬಾರ್ ಒಂದೇ ಥರ ಕೇಳಿ ಸಮ್ (ತಾಳದ ಮೊದಲ ಮಾತ್ರೆ) ಕಳೆದುಹೋಗುತ್ತದೆ. ಸ್ನೇರ್ ಅನ್ನು ತಾಳಿ (ಚಪ್ಪಾಳೆ) ಬೀಳುವ 5 ಮತ್ತು 13ಕ್ಕೆ ಇಡಿ, ಕ್ರ್ಯಾಶ್ ಸಮ್‌ಗೆ ಮಾತ್ರ. ತಬಲಾ ಠೇಕಾದಲ್ಲಿ (ತಾಳದ ಮೂಲ ಬೋಲುಗಳಲ್ಲಿ) 10ರಿಂದ 13ರವರೆಗೆ ಡಗ್ಗಾ (ಎಡಗೈಯ ದಪ್ಪ ದನಿಯ ವಾದ್ಯ) ಮೌನವಿರುತ್ತದೆ. ಅಲ್ಲಿ ಕಿಕ್ ನಿಲ್ಲಿಸಿ. ಖಾಲಿ (ಚಪ್ಪಾಳೆಯಿಲ್ಲದ ಭಾಗ) ಬಂತೆಂದು ಸಭೆಗೆ ಹೇಳದೆಯೇ ತಿಳಿಯುತ್ತದೆ. ಮಧ್ಯಲಯದ ಎಷ್ಟೋ ಚೀಜ್‌ಗಳ (ರಚನೆಗಳ) ಮುಖಡಾ (ಸಮ್‌ಗೆ ಒಯ್ಯುವ ಮೊದಲ ಸಾಲು) 9ನೇ ಮಾತ್ರೆಯಿಂದ ಏಳುತ್ತದೆ, ಅಂದರೆ ಗಿಟಾರ್ ಮೂರನೇ ಬಾರಿನಲ್ಲಿ ಹೊರಟು ಸಮ್‌ಗೆ ಇಳಿಯಬೇಕು. ರಾಕ್‌ನವರು ರೂಢಿಯಂತೆ ಮೊದಲ ಬಾರ್‌ನಲ್ಲೇ ಶುರು ಮಾಡಿ ಇಡೀ ಚೀಜನ್ನು ಎಂಟು ಮಾತ್ರೆ ಆಚೆಗೆ ತಳ್ಳುವುದುಂಟು.

ಮುಗಿಸಲು ತಿಹಾಯಿ (ಒಂದೇ ತುಣುಕನ್ನು ಮೂರು ಸಲ ಬಾರಿಸಿ ಸಮ್‌ಗೆ ಬರುವುದು) ಬೇಕೇ ಬೇಕು. ಸುಲಭದ್ದು: 9ನೇ ಮಾತ್ರೆಯಿಂದ ‘ಗ ರೇ ಸಾ’ ಮೂರು ಸಲ, ಬಿಡುವಿಲ್ಲದೆ. ಕೊನೆಯ ಸಾ ಸಮ್ ಮೇಲೇ ಬೀಳುತ್ತದೆ. ದೊಡ್ಡದು ಬೇಕಿದ್ದರೆ ಸಮ್‌ನಿಂದಲೇ ಹೊರಡಿ: ಐದು ಮಾತ್ರೆಯ ತುಣುಕು, ಒಂದು ಮಾತ್ರೆ ಬಿಡುವು, ಹೀಗೆ ಮೂರು ಸಲ. ಇಡೀ ಬ್ಯಾಂಡ್ ತಿಹಾಯಿಯನ್ನು ಒಟ್ಟಿಗೆ ಹೊಡೆಯಲಿ, ಕಡೆಯ ಸಾ ಮೇಲೆ ಗಕ್ಕನೆ ನಿಲ್ಲಲಿ. ರಾಕ್ ಪದ್ಧತಿಯ ಉದ್ದನೆಯ ಸದ್ದಿನ ಮುಕ್ತಾಯ ಇದಕ್ಕೆ ಹೊಂದುವುದಿಲ್ಲ.

ಬಯಲಿನ ಕಾರ್ಯಕ್ರಮಕ್ಕೆ ಇನ್ನೆರಡು ಮಾತು. ವಿಜಯಪುರ, ಬಾಗಲಕೋಟೆಯ ಬೇಸಿಗೆಯಲ್ಲಿ ನೆರಳಲ್ಲಿ ಶ್ರುತಿ ಮಾಡಿ ಬಿಸಿಲಿಗೆ ಬಂದರೆ ಉಕ್ಕಿನ ತಂತಿ ಕಾದು ಇಳಿಯುತ್ತದೆ. ಹತ್ತು ನಿಮಿಷ ಮೊದಲೇ ಗಿಟಾರನ್ನು ವೇದಿಕೆ ಮೇಲಿಟ್ಟು ಅಲ್ಲೇ ಶ್ರುತಿ ಮಾಡಿ. ಇನ್ನು ಅರ್ಥಿಂಗ್ ಸರಿಯಿಲ್ಲದ ಜನರೇಟರಿನ ಗುಂಯ್ ಸದ್ದು: ನಮ್ಮ ಕರೆಂಟು 50 ಹರ್ಟ್ಸ್, ಕೆಳಗಿನ ಜಿ ಸ್ವರ 49 ಹರ್ಟ್ಸ್. ಅಂದರೆ ಆ ಸದ್ದು ನಿಮ್ಮ ವಾದಿ ಸ್ವರವಾದ ಮಧ್ಯಮಕ್ಕಿಂತ ಕೂದಲೆಳೆ ಮೇಲೆ ಕೂತು ಇಡೀ ಆಲಾಪವನ್ನು ಬೇಸುರ ಮಾಡುತ್ತದೆ. ಗುಂಯ್ ಸದ್ದು ತಗ್ಗಿಸುವ ಹಂಬಕರ್ ಪಿಕಪ್ ಬಳಸಿ, ಸೌಂಡ್‌ನವರಿಂದ ಅರ್ಥಿಂಗ್ ಹಾಕಿಸಿಕೊಳ್ಳಿ. ಭೀಮಪಲಾಸ ಇಳಿಮಧ್ಯಾಹ್ನದ ರಾಗ. ಕಾಲೇಜು ಗ್ಯಾದರಿಂಗ್‌ನಲ್ಲಿ ನಾಲ್ಕು ಗಂಟೆಯ ಹೊತ್ತು ಕೇಳಿ ಪಡೆಯಿರಿ, ರಾತ್ರಿ ಒಂಬತ್ತಕ್ಕೆ ಬಾರಿಸಿದರೆ ಯಾರಾದರೂ ಅಜ್ಜ ಎದ್ದು ಕೇಳದೆ ಬಿಡುವುದಿಲ್ಲ.