ಅಕ್ಕಿಯ ಮೇಲೆ ಕೆಂಪು ಬೂಷ್ಟು ಬೆಳೆಸುವ ಬಗೆ

2024ರ ಮಾರ್ಚ್‌ನಲ್ಲಿ ನಮ್ಮ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದು ಎಂದಿತು. ಅಲ್ಲಿಂದ ನಮ್ಮ ಲ್ಯಾಬಿನ ಹುಡುಗರದು ಒಂದೇ ಪ್ರಶ್ನೆ: "ಮೇಡಂ, ನಾವು ಬೆಳೆಸ್ತೀವಲ್ಲ ಬೂಷ್ಟು, ಅದರ ಕೆಂಪು ಹಾಕಬಹುದಲ್ವಾ?" ಅದೇ ಮಾರ್ಚ್‌ನಲ್ಲಿ ಜಪಾನಿನಲ್ಲಿ ಇಂಥದೇ ಬೂಷ್ಟು ಬೆಳೆಸಿದ ಕೆಂಪು ಅಕ್ಕಿಯ ಮಾತ್ರೆ ನುಂಗಿದವರು ಕಿಡ್ನಿ ಕೆಟ್ಟು ಆಸ್ಪತ್ರೆ ಸೇರಿದ್ದರು. ಬೆಳೆಸುವುದನ್ನು ಹೇಳಿಕೊಡುತ್ತೇನೆ, ಆದರೆ ಅರ್ಧ ಮಾತು ಈ ಅಪಾಯದ ಬಗ್ಗೆಯೇ ಇರುತ್ತದೆ.

ಬೂಷ್ಟಿನ ಹೆಸರು ಮೊನಾಸ್ಕಸ್ ಪರ್ಪ್ಯೂರಿಯಸ್. ಚೀನಾದ ಫ್ಯೂಜಿಯನ್ ಪ್ರಾಂತ್ಯದ ಗುಟಿಯನ್ ಕಡೆ ಇದನ್ನು ಅಕ್ಕಿಯ ಮೇಲೆ ಬೆಳೆಸಿ, ಅಕ್ಕಿ ಮದ್ಯಕ್ಕೂ ಹುದುಗಿಸಿದ ತೋಫುಗೂ ಬಣ್ಣಕ್ಕೆ ಹಾಕುತ್ತಾರೆ. ನಮ್ಮ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲೂ ಇದರ ಮೇಲೆ ಸಂಶೋಧನೆ ನಡೆದಿದೆ. ಕಲ್ಚರನ್ನು, ಅಂದರೆ ಬಿತ್ತಲು ಬೇಕಾದ ಶುದ್ಧ ಬೂಷ್ಟನ್ನು, ಚಂಡೀಗಢದ ಎಂಟಿಸಿಸಿಯಂಥ ಸೂಕ್ಷ್ಮಜೀವಿ ಸಂಗ್ರಹದಿಂದಲೇ ತರಿಸಿ. ಹಳಸಿದ ಬ್ರೆಡ್ಡಿನ ಮೇಲೆ ಕೆಂಪಗೆ ಏನೋ ಬಂತೆಂದು ಕೆರೆದು ತರಬೇಡಿ. ಎಲ್ಲ ತಳಿಗಳೂ ಒಂದೇ ಅಲ್ಲ, ಕೆಲವು ಬಣ್ಣದ ಜೊತೆ ಸಿಟ್ರಿನಿನ್ ಎಂಬ ವಿಷವನ್ನು ಹೆಚ್ಚು ಬಿಡುತ್ತವೆ, ಕೆಲವು ಕಡಿಮೆ. ತರಿಸುವಾಗಲೇ ಕೇಳಿಕೊಳ್ಳಿ.

ಅಕ್ಕಿಗೆ ನಾನು ಸೋನಾ ಮಸೂರಿ ತೆಗೆದುಕೊಳ್ಳುತ್ತೇನೆ. ತೊಳೆದು, ಚೂರು ವಿನಿಗರ್ ಬೆರೆಸಿದ ನೀರಿನಲ್ಲಿ ರಾತ್ರಿ ನೆನೆಹಾಕಿ. ಹುಳಿ ಇದ್ದರೆ ಬ್ಯಾಕ್ಟೀರಿಯಾ ಕಾಟ ಕಡಿಮೆ. ಬೆಳಿಗ್ಗೆ ಜರಡಿಯಲ್ಲಿ ಪೂರ್ತಿ ಬಸಿಯಿರಿ. 500 ಮಿಲಿ ಫ್ಲಾಸ್ಕಿಗೆ 50 ಗ್ರಾಂ ಅಕ್ಕಿ ಸಾಕು. ಬಾಯಿಗೆ ಹತ್ತಿ ತುರುಕಿ, 121 ಡಿಗ್ರಿಯಲ್ಲಿ 20 ನಿಮಿಷ ಆಟೋಕ್ಲೇವ್ ಮಾಡಿ, ಅಂದರೆ ಒತ್ತಡದ ಹಬೆಯಲ್ಲಿ ಬೇಯಿಸಿ ಕ್ರಿಮಿ ಕೊಲ್ಲಿ. ಹೊರಬಂದಾಗ ಅನ್ನ ಚಿತ್ರಾನ್ನಕ್ಕೆ ಆರಹಾಕಿದ್ದಕ್ಕಿಂತಲೂ ಉದುರಾಗಿರಬೇಕು. ಮುದ್ದೆಯಾದರೆ ಗಾಳಿಯಾಡದೆ ಬೂಷ್ಟು ಮೇಲಷ್ಟೇ ಬೆಳೆದು ಒಳಗೆ ಬೆಳ್ಳಗೇ ಉಳಿಯುತ್ತದೆ. ನನ್ನ ಮೊದಲ ಮೂರು ಫ್ಲಾಸ್ಕೂ ಹೀಗೇ ಹೋದವು, ಬಸಿಯುವ ತಾಳ್ಮೆ ಇರಲಿಲ್ಲ.

ತಣ್ಣಗಾದ ಮೇಲೆ ಲ್ಯಾಮಿನಾರ್ ಫ್ಲೋನಲ್ಲಿ (ಸೋಸಿದ ಗಾಳಿ ಬೀಸುವ ಪೆಟ್ಟಿಗೆಯಲ್ಲಿ) ಕಲ್ಚರ್ ಹಾಕಿ, 30 ಡಿಗ್ರಿಯಲ್ಲಿ ಕತ್ತಲಲ್ಲಿಡಿ. ದಿನಕ್ಕೊಮ್ಮೆ ಫ್ಲಾಸ್ಕನ್ನು ಅಂಗೈಗೆ ತಟ್ಟಿ ಕಾಳು ಬಿಡಿಸಿ. ಮೊದಲು ಬಿಳಿ ಎಳೆ, ಆಮೇಲೆ ಕಿತ್ತಳೆ, ಆಮೇಲೆ ಕೆಂಪು. ಈ ಕ್ರಮಕ್ಕೆ ಕಾರಣವಿದೆ: ಬೂಷ್ಟು ಮೊದಲು ಮಾಡುವುದು ಕಿತ್ತಳೆ ಬಣ್ಣವನ್ನೇ, ಅದು ಅಮೈನೋ ಆಮ್ಲದ ಜೊತೆ ಕೂಡಿದಾಗ ಕೆಂಪಾಗುತ್ತದೆ. ಅಕ್ಕಿಯ ಬದಲು ದ್ರವದಲ್ಲಿ ಬೆಳೆಸುವವರಿಗೆ ಒಂದು ಸುಳಿವು: ಗ್ಲುಟಮೇಟ್ ಎಂಬ ಅಮೈನೋ ಆಮ್ಲದ ಬದಲು ಹಿಸ್ಟಿಡಿನ್ ಎಂಬ ಇನ್ನೊಂದನ್ನು ಹಾಕಿದಾಗ ಸಿಟ್ರಿನಿನ್ ಬಹಳ ಇಳಿದದ್ದು ದಾಖಲಾಗಿದೆ. ಹತ್ತು ಹದಿನಾಲ್ಕು ದಿನದ ಹೊತ್ತಿಗೆ ಒಂದು ಕಾಳನ್ನು ಉಗುರಿನಿಂದ ಮುರಿದು ನೋಡಿ. ನಡುವೆಯೂ ದಾಳಿಂಬೆ ಕೆಂಪಿದ್ದರೆ ಆಯಿತು, ಸುಣ್ಣದ ಚುಕ್ಕೆ ಕಂಡರೆ ಇನ್ನೆರಡು ದಿನ ಬಿಡಿ.

ಹಸಿರೋ ನೀಲಿಯೋ ಒಂದು ಮಚ್ಚೆ ಕಂಡರೂ ಇಡೀ ಫ್ಲಾಸ್ಕನ್ನು ಆಟೋಕ್ಲೇವ್ ಮಾಡಿ ಎಸೆಯಿರಿ. ನಮ್ಮಲ್ಲೊಬ್ಬ ಹುಡುಗ ಉಪ್ಪಿನಕಾಯಿ ಮೇಲಿನ ಬೂಷ್ಟು ತೆಗೆದ ಹಾಗೆ ಚಮಚದಲ್ಲಿ ಅಷ್ಟನ್ನೇ ಎತ್ತಿಹಾಕಿ, "ಸರಿಹೋಯ್ತು ಮೇಡಂ" ಅಂದಿದ್ದ. ಜಪಾನಿನಲ್ಲಿ ಸಿಕ್ಕಿಬಿದ್ದದ್ದು ಸಿಟ್ರಿನಿನ್ ಅಲ್ಲ, ಹೀಗೆ ನುಸುಳಿದ ಪೆನಿಸಿಲಿಯಂ ಎಂಬ ಬೇರೆ ಬೂಷ್ಟು ಬಿಟ್ಟ ಪ್ಯೂಬರುಲಿಕ್ ಆಮ್ಲ ಎಂಬ ವಿಷ. ಕೆಂಪು ಮಾತ್ರ ಚೆನ್ನಾಗಿಯೇ ಇತ್ತು.

ಕಾಳನ್ನು 50–60 ಡಿಗ್ರಿಯಲ್ಲಿ ಒಣಗಿಸಿ ಪುಡಿಮಾಡಿ. ಬಣ್ಣ ಬಿಡಿಸಲು 70 ಭಾಗ ಎಥನಾಲ್, 30 ಭಾಗ ನೀರು ಬೆರೆಸಿ ಗಂಟೆಗಟ್ಟಲೆ ಅಲುಗಾಡಿಸಿ, ಸೋಸಿ, ಕೆಂಪು ಎಷ್ಟು ಗಾಢ ಎಂದು ಬೆಳಕಿನ ಮಾಪಕದಲ್ಲಿ 500 ನ್ಯಾನೋಮೀಟರಿನಲ್ಲಿ ಅಳೆಯಿರಿ.

ಇನ್ನು ಸಿಟ್ರಿನಿನ್. ಇದರ ಏಟು ಕಿಡ್ನಿಗೆ. ಕುದಿಸಿದರೆ ಹೋಗುತ್ತದೆ ಅಂದುಕೊಳ್ಳಬೇಡಿ, ಕಣ್ಣಿಗೂ ನಾಲಿಗೆಗೂ ತಿಳಿಯುವುದಿಲ್ಲ. ಎಚ್‌ಪಿಎಲ್‌ಸಿ (ಮಿಶ್ರಣದಲ್ಲಿರುವುದನ್ನು ಬೇರ್ಪಡಿಸಿ ಅಳೆಯುವ ಯಂತ್ರ) ಇರುವ ಪ್ರಯೋಗಾಲಯಕ್ಕೆ ಕಳಿಸಿ, ಒಂದು ಬ್ಯಾಚ್ ಅಲ್ಲ, ಪ್ರತಿ ಬ್ಯಾಚೂ. ಈ ಅಕ್ಕಿಯಿಂದ ಮಾಡಿದ ಪೂರಕ ಮಾತ್ರೆಗಳಿಗೆ ಯುರೋಪಿನಲ್ಲಿ ಮಿತಿ ಕೆಜಿಗೆ 2000 ಮೈಕ್ರೋಗ್ರಾಂ ಇತ್ತು, 2020ರಿಂದ 100ಕ್ಕೆ ಇಳಿಸಿದ್ದಾರೆ. ಇದಲ್ಲದೆ ಈ ಅಕ್ಕಿಯಲ್ಲಿ ಮೊನಾಕೊಲಿನ್ ಕೆ ಇರಬಹುದು. ಅದು ಕೊಲೆಸ್ಟರಾಲ್ ಮಾತ್ರೆ ಲೊವಾಸ್ಟಾಟಿನ್ನೇ, ಹೆಸರು ಬೇರೆ. ಇಂಥ ಸ್ಟಾಟಿನ್ ಮಾತ್ರೆ ತೆಗೆದುಕೊಳ್ಳುವವರು, ಬಸುರಿಯರು ಇದರ ಹತ್ತಿರವೂ ಸುಳಿಯಬಾರದು.

ಹುಡುಗರ ಪ್ರಶ್ನೆಗೆ ಉತ್ತರ: ಹಾಕಬಾರದು. ನಮ್ಮ ದೇಶದಲ್ಲಿ ಆಹಾರಕ್ಕೆ ಅನುಮತಿ ಇರುವ ನೈಸರ್ಗಿಕ ಬಣ್ಣಗಳ ಪಟ್ಟಿಯಲ್ಲಿ ಅರಿಶಿನದ ಕುರ್ಕ್ಯುಮಿನ್, ಕೇಸರಿ, ಅನ್ನಾಟೊ ಎಂಬ ಬೀಜದ ಬಣ್ಣ ಇವೆ, ಮೊನಾಸ್ಕಸ್ ಇಲ್ಲ. ಗೋಬಿಗೆ ಬ್ಯಾಡಗಿ ಮೆಣಸಿನಪುಡಿ ಧಾರಾಳವಾಯಿತು.

ಪುಡಿಯನ್ನು ಕಂದು ಬಾಟಲಿಯಲ್ಲಿ, ಫ್ರಿಜ್ಜಿನಲ್ಲಿಡಿ, ಬೆಳಕಿಗೆ ಬಣ್ಣ ಮಾಸುತ್ತದೆ. ಮೇಲೆ ಬ್ಯಾಚ್ ನಂಬರು, ತಾರೀಖು, "ತಿನ್ನುವುದಕ್ಕಲ್ಲ" ಎಂಬ ಚೀಟಿ. ಊಟದ ಡಬ್ಬಿ ಇಡುವ ಫ್ರಿಜ್ಜು ಬೇರೆ ಇರಲಿ. ನೋಡಲು ಥೇಟ್ ಅಚ್ಚಖಾರದ ಪುಡಿ ಅದು.