ಅಡಿಕೆ ಹಾಳೆಯ ಕೊಳವೆಯಲ್ಲಿ ಹೊರಟ ಮಲ್ಲಿಗೆ ಗಿಡ

ಉಡುಪಿ ಜಿಲ್ಲೆಯ ನಮ್ಮ ಶಂಕರಪುರದಿಂದ ಮಲ್ಲಿಗೆ ಹೂ ಅಟ್ಟೆ ಲೆಕ್ಕದಲ್ಲಿ ಊರು ಬಿಡುತ್ತದೆ. 800 ಹೂವಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ. ಹೂವೇ ಮುಂಬೈಗೆ ಹೋಗುವಾಗ ಗಿಡ ಧಾರವಾಡಕ್ಕೆ ಹೋಗುವುದೇನು ಮಹಾ ಅಂದುಕೊಂಡಿದ್ದೆ.

ನಾದಿನಿಗೆ ಮೂರು ಗಿಡ ಅಂಚೆಗೆ ಹಾಕಿದೆ. ದಾರಿಯಲ್ಲಿ ಒಣಗಬಾರದು ಅಂತ ಚೆನ್ನಾಗಿ ನೀರು ಹೊಯ್ದು, ಪ್ಲಾಸ್ಟಿಕ್ ತೊಟ್ಟೆಯೊಳಗೆ (ಚೀಲದೊಳಗೆ) ಇಡೀ ಗಿಡ ತುರುಕಿ, ಬಾಯಿಗೆ ಟೇಪು ಸುತ್ತಿದ್ದೆ. ಐದನೇ ದಿನ ಅವಳ ಫೋನ್. "ಬೇಯಿಸಿದ ಹರಿವೆ ಸೊಪ್ಪಿನ ಹಾಗಿದೆ, ವಾಸನೆ ಬೇರೆ."

ತಪ್ಪೆಲ್ಲಿ ಅಂತ ತಿಳಿಯಲು ಎರಡು ಗಿಡ ಕಟ್ಟಿ ನಮ್ಮದೇ ಅಟ್ಟದಲ್ಲಿ ಐದು ದಿನ ಇಟ್ಟೆ. ಒಂದರ ಎಲೆ ಚಂಡಿ, ಅಂದರೆ ಒದ್ದೆ, ಇನ್ನೊಂದರದ್ದು ಒಣ. ಚಂಡಿ ಇದ್ದದ್ದು ಮೂರನೇ ದಿನವೇ ಕೊಳೆಯತೊಡಗಿತು. ಒಣ ಎಲೆಯ ಗಿಡದಲ್ಲಿ ಕೆಳಗಿನ ನಾಲ್ಕು ಎಲೆ ಹಳದಿಯಾದವು, ಅಷ್ಟೇ. ಬೇರಿಗೆ ತೇವ ಬೇಕು, ಎಲೆಗೆ ಬೇಡ. ಕತ್ತಲಲ್ಲಿ, ಗಾಳಿಯಾಡದ ಕಡೆ, ಹಸಿ ಎಲೆಗೆ ಬೂಷ್ಟು ಹಿಡಿಯದೆ ಇರುತ್ತದಾ?

ಈಗ ಕಟ್ಟುವ ಹಿಂದಿನ ದಿನ ನೀರೇ ಹಾಕುವುದಿಲ್ಲ. ಎಳೆ ಚಿಗುರು ಚಿವುಟುತ್ತೇನೆ, ಹೇಗೂ ಅದು ಬಾಡುವುದೇ. ಸಡಿಲ ಮಣ್ಣು ಉದುರಿಸಿ, ತೊಳೆದ ತೆಂಗಿನ ನಾರಿನ ಪುಡಿಯನ್ನು ಬೇರಿನ ಸುತ್ತ ಒತ್ತುತ್ತೇನೆ. ಅದನ್ನು ಮುಷ್ಟಿಯಲ್ಲಿ ಹಿಂಡಿದರೆ ನೀರು ತೊಟ್ಟಿಕ್ಕಬಾರದು. ಮಣ್ಣಿಗಿಂತ ಹಗುರ, ಅಂಚೆ ಖರ್ಚೂ ಕಡಿಮೆ. ಬೇರಿಗೆ ಮಾತ್ರ ಸಣ್ಣ ತೊಟ್ಟೆ. ಕಾಂಡದ ಬುಡದಲ್ಲಿ ಬಾಳೆ ನಾರಿನಿಂದ ಕಟ್ಟು. ಪೆಟ್ಟಿಗೆ ಮಗುಚಿದರೂ ತೇವ ಎಲೆಗೆ ಏರಬಾರದಲ್ವಾ. ಎಲೆಗಳನ್ನು ಮೇಲ್ಮುಖವಾಗಿ ಒಟ್ಟು ಮಾಡಿ ಒಣ ಪೇಪರ್ ಸುತ್ತುತ್ತೇನೆ.

ಆಮೇಲೆ ಅಡಿಕೆ ಹಾಳೆ. ರಟ್ಟಿನ ಪೆಟ್ಟಿಗೆ ಆಟಿ ತಿಂಗಳ ಮಳೆಯಲ್ಲಿ ಹಪ್ಪಳದ ಹಾಗೆ ಮೆತ್ತಗಾಗುತ್ತದೆ. ತೋಟದಲ್ಲಿ ಸುಮ್ನೆ ಬಿದ್ದಿರುವ ಅಡಿಕೆ ಹಾಳೆಯನ್ನು ರಾತ್ರಿಯಿಡೀ ನೆನೆಸಿದರೆ ಬೆಳಿಗ್ಗೆ ಬಟ್ಟೆಯ ಹಾಗೆ ಬಾಗುತ್ತದೆ. ದಪ್ಪ ಪಿವಿಸಿ ಪೈಪಿಗೆ ಸುತ್ತಿ, ಬಿಗಿದು, ಒಣಗಿಸಿ ಪೈಪು ಎಳೆದರೆ ಗಟ್ಟಿ ಕೊಳವೆ ರೆಡಿ. ಮಳೆಗಾಲದಲ್ಲಿ ಇದು ಒಣಗುವುದಿಲ್ಲ. ಜನವರಿ ಬಿಸಿಲಲ್ಲೇ ವರ್ಷಕ್ಕಾಗುವಷ್ಟು ಮಾಡಿಡುತ್ತೇನೆ. ಮೇಲಿನ ಭಾಗಕ್ಕೆ ಮೊಳೆಯಿಂದ ಏಳೆಂಟು ತೂತು. ಗಿಡ ಇಳಿಸಿ, ಅಲುಗಾಡದಂತೆ ಎರಡೂ ತುದಿಗೆ ಒಣ ನಾರು ತುಂಬುತ್ತೇನೆ. ಕಟ್ಟಿದ ಮೊದಲ ಕೊಳವೆಯನ್ನು ಜಗಲಿಯಿಂದ ಅಂಗಳಕ್ಕೆ ನಾಲ್ಕು ಸಲ ಎಸೆದು ನೋಡಿದ್ದೆ. ಮನೆಯವರು ನಕ್ಕರು. ಗಿಡದ ಒಂದು ಗೆಲ್ಲೂ (ಕೊಂಬೆಯೂ) ಮುರಿದಿರಲಿಲ್ಲ.

ಅಂಚೆಗೆ ಹಾಕುವುದು ಸೋಮವಾರ ಮಾತ್ರ. ಶುಕ್ರವಾರ ಹಾಕಿದರೆ ಭಾನುವಾರವೂ ಗಿಡ ಕತ್ತಲಲ್ಲೇ ಬಿದ್ದಿರುತ್ತದೆ. ಪಡೆದವರಿಗೆ ಒಂದು ಚೀಟಿ: ತೆರೆದ ಕೂಡಲೇ ಬಿಸಿಲಿಗೆ ಇಡಬೇಡಿ, ಒಂದು ವಾರ ನೆರಳು, ಗೊಬ್ಬರ ಬೇಡ, ಹಳದಿ ಎಲೆ ಉದುರಿದರೆ ಹೆದರಬೇಡಿ.

ನಾದಿನಿಯ ಎರಡನೇ ಸಲದ ಗಿಡಗಳು ಚಿಗುರಿವೆ. ಕೊಳವೆಯಲ್ಲಿ ಅವಳು ಸೌಟು ಇಟ್ಟುಕೊಂಡಿದ್ದಾಳೆ. ಕಾಳುಮೆಣಸಿನ ಬಳ್ಳಿಗೆ ಮಾತ್ರ ಈ ಉಪಾಯ ಇನ್ನೂ ಕೈಗೆ ಹತ್ತಿಲ್ಲ. ಎಷ್ಟು ಜೋಪಾನವಾಗಿ ಇಳಿಸಿದರೂ ಗಂಟಿನಲ್ಲೇ ಟಪ್ ಅಂತ ಮುರಿಯುತ್ತದೆ.