ಶಿವಮೊಗ್ಗದಲ್ಲಿದ್ದುಕೊಂಡೇ ಇಟಲಿಯ ಚರ್ಚ್ ಕಲೆಯನ್ನು ಅಭ್ಯಾಸ ಮಾಡುವ ಬಗೆ

ಹದಿನೈದರಿಂದ ಹದಿನೇಳನೆಯ ಶತಮಾನದವರೆಗಿನ ಇಟಲಿಯ ಧಾರ್ಮಿಕ ಕಲೆಯನ್ನು ಶಿವಮೊಗ್ಗದಲ್ಲಿದ್ದು ಅಭ್ಯಾಸ ಮಾಡಬಯಸುವವರು ಮೊದಲಿಗೆ ಒಂದೇ ಒಂದು ಕೃತಿಯನ್ನು ಆರಿಸಿಕೊಳ್ಳಬೇಕು. ಕಲಾವಿದನ ಜೀವನಚರಿತ್ರೆಯಿಂದ ಆರಂಭಿಸುವುದು ವಾಡಿಕೆ. ಆದರೆ ಆ ಕೃತಿ ಯಾವ ಗೋಡೆಗಾಗಿ, ಯಾವ ಬೆಳಕಿನಲ್ಲಿ ಕಾಣಲೆಂದು ರಚಿತವಾಯಿತು ಎಂಬ ಪ್ರಶ್ನೆಯಿಂದ ಹೊರಟರೆ ಅಭ್ಯಾಸ ಹೆಚ್ಚು ಗಟ್ಟಿಯಾಗುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇಟಲಿಯ ಚಿತ್ರಕಾರ ಕಾರವಾಜ್ಜೋ 1599–1600ರಲ್ಲಿ ರೋಮ್‌ನ ಸಾನ್ ಲುಯಿಜಿ ದೇಯಿ ಫ್ರಾಂಚೇಜಿ ಚರ್ಚಿಗೆ ರಚಿಸಿದ, ಸುಂಕ ವಸೂಲಿ ಮಾಡುತ್ತಿದ್ದ ಮತ್ತಾಯನನ್ನು ಕ್ರಿಸ್ತನು ಶಿಷ್ಯನಾಗಲು ಕರೆಯುವ ಚಿತ್ರವನ್ನೇ ತೆಗೆದುಕೊಳ್ಳಿ. ಚಿತ್ರದೊಳಗೆ ಒಂದು ಕಿಟಕಿಯಿದೆ, ಆದರೆ ಬೆಳಕು ಅದರಿಂದ ಬರುತ್ತಿಲ್ಲ. ಬಲಗಡೆ, ಕ್ರಿಸ್ತನ ತಲೆಯ ಮೇಲಿನಿಂದ ಓರೆಯಾಗಿ ಇಳಿದು ಸುಂಕದವರ ಮೇಜಿನತ್ತ ಸಾಗುತ್ತದೆ. ಮೇಜಿನ ತುದಿಯಲ್ಲಿ ಕುಳಿತ ಯುವಕನಾದರೋ ತಲೆ ಎತ್ತದೆ ನಾಣ್ಯಗಳಲ್ಲೇ ಮುಳುಗಿದ್ದಾನೆ. ಈ ಚಿತ್ರವಿರುವುದು ಚಾಪೆಲ್ಲಿನ, ಎಂದರೆ ಚರ್ಚಿನೊಳಗಿನ ಚಿಕ್ಕ ಪೂಜಾಕೋಣೆಯ, ಎಡಗೋಡೆಯ ಮೇಲೆ, ನಿಜವಾದ ಕಿಟಕಿಯಿರುವುದು ಬಲಕ್ಕೆ ಬರುವ ಬಲಿಪೀಠದ ಮೇಲ್ಗಡೆ. ಕಾಗದದ ಮೇಲೆ ಚಾಪೆಲ್ಲಿನ ನಕ್ಷೆ ಬರೆದು, ಚಿತ್ರವನ್ನೂ ಕಿಟಕಿಯನ್ನೂ ಅದರಲ್ಲಿ ಗುರುತಿಸಿದಾಗಲೇ, ಚಿತ್ರದ ಬೆಳಕು ಕಟ್ಟಡದ ಬೆಳಕಿನ ಮುಂದುವರಿಕೆಯೆಂಬುದು ಸ್ಪಷ್ಟವಾಗುತ್ತದೆ. ಮೊಬೈಲ್ ಪರದೆಯಲ್ಲಿ ಇದು ಎಂದೂ ತಿಳಿಯದು.

ಈ ಬಗೆಯ ನೋಟ ರೂಢಿಯಾಗಲು ಸಾಗರದ ಬಳಿಯ ಇಕ್ಕೇರಿಗೆ ಹೋಗಿ, ಅಘೋರೇಶ್ವರ ದೇವಾಲಯದ ಮಂಟಪದಲ್ಲಿ ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ನಿಂತು, ಯಾವ ಕೆತ್ತನೆ ಎದ್ದು ಕಾಣುತ್ತದೆ, ಯಾವುದು ಕತ್ತಲಿಗೆ ಸರಿಯುತ್ತದೆ ಎಂದು ಬರೆದಿಟ್ಟುಕೊಳ್ಳಿ. ಮಳೆಗಾಲದಲ್ಲಿ ಇನ್ನೊಮ್ಮೆ ಹೋದರೆ ಟಿಪ್ಪಣಿಯೇ ಬದಲಾಗುತ್ತದೆ.

ಸಂತರನ್ನು ಗುರುತಿಸುವುದು ಕಷ್ಟವಲ್ಲ. ಶಂಖಚಕ್ರಗಳಿಂದ ವಿಷ್ಣುವನ್ನು ಅರಿಯುವಂತೆ, ಬೀಗದ ಕೈಯಿಂದ ಪೇತ್ರನನ್ನೂ ಮುರಿದ ಚಕ್ರದಿಂದ ಕ್ಯಾಥರೀನಳನ್ನೂ ಬಾಣಗಳಿಂದ ಸೆಬಾಸ್ಟಿಯನ್‌ನನ್ನೂ ಅರಿಯಬಹುದು.

ಅನಂತರ ದಾಖಲೆಗಳನ್ನು ಓದಬೇಕು. ಫ್ಲಾರೆನ್ಸ್‌ನ ಅನಾಥಾಲಯಕ್ಕಾಗಿ ಚಿತ್ರಕಾರ ಗಿರ್ಲಾಂದಾಯೋ 1485ರಲ್ಲಿ ಒಪ್ಪಿಕೊಂಡ ಕರಾರಿನಲ್ಲಿ, ನೀಲಿ ಬಣ್ಣ ಔನ್ಸಿಗೆ ಸುಮಾರು 4 ಫ್ಲಾರಿನ್ (ಅಲ್ಲಿನ ಚಿನ್ನದ ನಾಣ್ಯ) ಬೆಲೆಯದೇ ಆಗಿರಬೇಕೆಂಬ ಷರತ್ತಿದೆ. ಭಕ್ತಿಯ ಚಿತ್ರದ ಹಿಂದೆ ಹಣ ಕೊಟ್ಟವರ ಎಚ್ಚರಿಕೆಯೂ ಇತ್ತೆಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕಿಲ್ಲ. ಕೃತಿಯು 1563ಕ್ಕಿಂತ ಹಿಂದಿನದೇ, ಮುಂದಿನದೇ ಎಂಬುದನ್ನೂ ನೋಡಿ. ಆ ವರ್ಷದ ಡಿಸೆಂಬರಿನಲ್ಲಿ ಕ್ಯಾಥೊಲಿಕ್ ಚರ್ಚಿನ ಟ್ರೆಂಟ್ ಧರ್ಮಸಭೆ ಪವಿತ್ರ ಚಿತ್ರಗಳ ಬಗ್ಗೆ ಕಟ್ಟಳೆ ಹೊರಡಿಸಿತು. ಹತ್ತು ವರ್ಷಗಳ ಬಳಿಕ ವೆನಿಸ್‌ನಲ್ಲಿ ಚಿತ್ರಕಾರ ವೆರೊನೇಸೆ, ಕ್ರಿಸ್ತನ ಕೊನೆಯ ಭೋಜನದ ಚಿತ್ರದಲ್ಲಿ ವಿದೂಷಕ, ಜರ್ಮನ್ ಸೈನಿಕರು ಏಕಿದ್ದಾರೆಂದು ಚರ್ಚಿನ ಧರ್ಮವಿಚಾರಣೆಯ ನ್ಯಾಯಮಂಡಳಿಯ (ಇನ್‌ಕ್ವಿಸಿಷನ್) ಮುಂದೆ ಉತ್ತರಿಸಬೇಕಾಯಿತು. ಕೊನೆಗೆ ಅದಕ್ಕೆ, ಬೈಬಲಿನ ಇನ್ನೊಂದು ಪ್ರಸಂಗದ ಮೇಲೆ, ಲೇವಿಯ ಮನೆಯ ಔತಣವೆಂದು ಹೆಸರು ಬದಲಾಯಿತು.

ಮೂಲಕೃತಿಯನ್ನು ಕಣ್ಣಾರೆ ನೋಡಲು ಮಲೆನಾಡಿನವರಿಗೆ ಗೋವಾ ದೂರವಲ್ಲ. ಹಳೇ ಗೋವಾದ ಬೊಮ್ ಜೀಸಸ್ ಬೆಸಿಲಿಕಾದಲ್ಲಿರುವ ಸಂತ ಫ್ರಾನ್ಸಿಸ್ ಕ್ಸೇವಿಯರ್‌ನ ಸಮಾಧಿಪೀಠವನ್ನು ಫ್ಲಾರೆನ್ಸ್‌ನ ಶಿಲ್ಪಿ ಫೊಜ್ಜಿನಿ ರೂಪಿಸಿದ. ಅದು 1698ರಲ್ಲಿ ಅಲ್ಲಿ ಸ್ಥಾಪನೆಯಾಯಿತು. ಅದರ ಮೇಲಿನ ಬೆಳ್ಳಿಯ ಪೆಟ್ಟಿಗೆ ಮಾತ್ರ ಅದಕ್ಕೂ ಹಿಂದಿನದು, ಗೋವಾದ ಅಕ್ಕಸಾಲಿಗರ ಕೆಲಸ. ಕೆಳಗಿನ ಕಂಚಿನ ಫಲಕಗಳನ್ನೂ ಮೇಲಿನ ಬೆಳ್ಳಿಯ ಕುಸುರಿಯನ್ನೂ ಬೇರೆ ಬೇರೆ ಪುಟಗಳಲ್ಲಿ ವರ್ಣಿಸಿ, ಆಮೇಲೆ ಹೋಲಿಸಿ.